ಚಿನ್ನದ ದಿನಗಳು, ಒಣಗದ ಅಂಗಿಗಳು

ಜೂನ್ ಒಂದಕ್ಕೆ ಶಾಲೆ ಶುರು, ಅದೇ ವಾರ ಮಳೆ ಶುರು. ಶಿಕ್ಷಣ ಇಲಾಖೆಯೂ ಹವಾಮಾನ ಇಲಾಖೆಯೂ ಕೂತು ಮಾತಾಡಿಕೊಂಡೇ ದಿನ ಇಡುತ್ತಿದ್ದವು ಅನ್ನೋ ಅನುಮಾನ ನನಗೆ ಈಗಲೂ ಇದೆ. ನಮ್ಮ ಹೈಸ್ಕೂಲು ಇದ್ದದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಸಮಾಜ ಪಾಠದಲ್ಲಿ ನಾವು ಬಾಯಿಪಾಠ ಮಾಡಬೇಕಿರದಿದ್ದ ಸಂಗತಿ ಅದೊಂದೇ. ಅದು ಮೈಮೇಲೇ ಇರುತ್ತಿತ್ತು.

ಕ್ಲಾಸಿನ ಹೊರಗೆ ಜಗಲಿಯುದ್ದಕ್ಕೂ ಕೊಡೆಗಳ ಸಾಲು. ಎಲ್ಲವೂ ಕಪ್ಪು, ಎಲ್ಲದಕ್ಕೂ ಬಾಗಿದ ಹಿಡಿ. ಗುರುತಿಗೆ ಅಂತ ಅಮ್ಮಂದಿರು ಬಿಳಿ ದಾರದಲ್ಲಿ ಹೆಸರಿನ ಮೊದಲಕ್ಷರ ಹೊಲಿದು ಕಳಿಸುತ್ತಿದ್ದರು. ನಮ್ಮ ಕ್ಲಾಸಿನಲ್ಲಿ ಅರ್ಧ ಜನರ ಹೆಸರು 'ಸ'ದಿಂದ ಶುರುವಾದರೆ ಇನ್ನರ್ಧ ಜನರದ್ದು 'ರ'ದಿಂದ. ಹಾಗಾಗಿ ಸಂಜೆ ಬೆಲ್ಲು ಹೊಡೆದಾಗ ಕೈಗೆ ಸಿಕ್ಕಿದ್ದೇ ನಮ್ಮ ಕೊಡೆ. ಮೊದಲು ಹೋದವರಿಗೆ ಹೊಸದು, ಕೊನೆಗೆ ಉಳಿದವನಿಗೆ ಕಡ್ಡಿ ಮುರಿದದ್ದು. ನನ್ನಮ್ಮ ಇದಕ್ಕೊಂದು ಉಪಾಯ ಮಾಡಿದಳು. ಅಕ್ಷರದ ಪಕ್ಕ ಕೆಂಪು ದಾರದಲ್ಲಿ ಒಂದು ದಾಸವಾಳ ಹೊಲಿದಳು. ಎಲೆ ಸಮೇತ. ಹೂವಿನ ಕೊಡೆ ಹಿಡಿದು ಹೋಗುವ ಎಂಟನೇ ಕ್ಲಾಸಿನ ಹುಡುಗನ ಪಾಡು ಏನಾಗಬಹುದು ಅಂತ ಆಕೆ ಯೋಚಿಸಿರಲಿಲ್ಲ. ಈ ಕೊಡೆ ಒಂದು ಕಳೆದುಹೋಗಲಿ ದೇವರೇ ಅಂತ ಹರಕೆ ಹೊತ್ತೆ. ಮಿಕ್ಕವರ ಕೊಡೆಯೆಲ್ಲ ಕಳೆಯಿತು. ನನ್ನದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹತ್ತನೇ ಕ್ಲಾಸು ಮುಗಿಯುವವರೆಗೂ ದಾಸವಾಳ ನನ್ನ ತಲೆ ಮೇಲೇ ಇತ್ತು.

ಯೂನಿಫಾರ್ಮ್ ಬಿಳಿ ಅಂಗಿ, ನೀಲಿ ಚಡ್ಡಿ. ಎರಡು ಜೊತೆ ಇದ್ದವನು ಸಾಹುಕಾರ. ಮಿಕ್ಕವರದ್ದು ರಾತ್ರಿ ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಅಂಗಿ ಒಣಗಿರುತ್ತಿರಲಿಲ್ಲ, ಬಿಸಿಯಾಗಿರುತ್ತಿತ್ತು, ಅಷ್ಟೆ. ಆಗಸ್ಟ್ ಹೊತ್ತಿಗೆ ಬಿಳಿ ಅನ್ನೋದು ಬರೀ ನಂಬಿಕೆಯ ವಿಷಯ. ಬಯಲುಸೀಮೆಯಿಂದ ವರ್ಗವಾಗಿ ಬಂದ ವಿಜ್ಞಾನದ ಮೇಡಂ ಮೊದಲ ದಿನ ಬಾಗಿಲಲ್ಲೇ ನಿಂತು, "ಎಲ್ಲೋ ಬೆಂಕಿ ಬಿದ್ದಿದೆ, ಹೋಗಿ ನೋಡ್ರೋ" ಅಂದರು. ನಾವು ಒಬ್ಬರನ್ನೊಬ್ಬರು ಮೂಸಿ ನೋಡಿಕೊಂಡೆವು.

ಶನಿವಾರ ಬಿಳಿ ಕ್ಯಾನ್ವಾಸ್ ಶೂ ಹಾಕಬೇಕು. ಪಾಲಿಶ್‌ಗೆ ದುಡ್ಡೆಲ್ಲಿಂದ ಬರಬೇಕು? ಸೀಮೆಸುಣ್ಣ ಉಜ್ಜಿಕೊಂಡರೆ ಆಯಿತು. ಒಮ್ಮೆ ಹಿಂದಿನ ಬೆಂಚಿನವರೆಲ್ಲ ಸೇರಿ ಆಫೀಸ್ ರೂಮಿನಿಂದ ಒಂದು ಇಡೀ ಪೆಟ್ಟಿಗೆ ಸೀಮೆಸುಣ್ಣ ಎತ್ತಿಕೊಂಡು ಬಂದು, ಒದ್ದೆ ಶೂಗೆ ಬಳಿದು, ಜಂಬದಿಂದ ನಡೆದಾಡಿದರು. ಹೆಡ್‌ಮಾಸ್ಟರ್ ಯಾರನ್ನೂ ಏನೂ ಕೇಳಲಿಲ್ಲ. ನೆಲದ ಮೇಲಿನ ಬಿಳಿ ಹೆಜ್ಜೆ ಹಿಡಿದು ನೆಟ್ಟಗೆ ಬೆಂಚಿನ ಹತ್ತಿರ ಬಂದರು.

ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ, ವಿಷಯ ಹೇಳದಿದ್ದರೆ ಮಲೆನಾಡಿನ ಶಾಲೆಯ ಕಥೆ ಮುಗಿಯುವುದಿಲ್ಲ. ರಾಷ್ಟ್ರಗೀತೆ ಹಾಡೋಕೆ 52 ಸೆಕೆಂಡು. ಅಷ್ಟೂ ಹೊತ್ತು ಅಲುಗಾಡುವಂತಿಲ್ಲ. ಆವತ್ತು ಎದುರಿಗೆ ಪಿ.ಟಿ. ಮೇಷ್ಟ್ರು ಅಟೆನ್ಶನ್‌ನಲ್ಲಿ ನಿಂತಿದ್ದಾರೆ. ಬಿಳಿ ಪ್ಯಾಂಟು, ಇಸ್ತ್ರಿಯ ಗೆರೆ ಚಾಕುವಿನ ಹಾಗಿದೆ. ಅದೇ ಗೆರೆ ಹಿಡಿದು ಒಂದು ಇಂಬಳ ಅಳೆದೂ ಸುರಿದೂ ಮೇಲೆ ಹೋಗುತ್ತಿದೆ. ಶಾಲೆಯ ಕಣ್ಣೆಲ್ಲ ಅದರ ಮೇಲೆ. ಮೊಣಕಾಲು ದಾಟಿತು. ನಮ್ಮ ದನಿ ಸಣ್ಣಗಾಯಿತು. ಮೇಷ್ಟ್ರು ಹುಬ್ಬು ಎತ್ತಿ, ಜೋರಾಗಿ ಹಾಡಿ ಅಂತ ಸನ್ನೆ ಮಾಡಿದರು. ಜೋರಾಗಿ ಹಾಡಿದೆವು. ಬೆಲ್ಟಿನ ಹತ್ತಿರ ಒಂದು ಕ್ಷಣ ನಿಂತು, ತಲೆಯೆತ್ತಿ ಅತ್ತಿತ್ತ ನೋಡಿ, ಅಂಗಿಯ ಸಂದಿಯಲ್ಲಿ ಮಾಯವಾಯಿತು.

ಹಾಡು ಮುಗಿಯಿತು. ಹೇಳುವವರು ಯಾರು? ಕ್ಲಾಸ್ ಲೀಡರ್ ಧೈರ್ಯ ಮಾಡಿದ. "ಸಾರ್, ನಿಮ್ಮ ಮೈಮೇಲೆ..." ಅನ್ನುವಷ್ಟರಲ್ಲಿ, "ಪ್ರಾರ್ಥನೆ ಹೊತ್ತಲ್ಲಿ ಮಾತಾ?" ಅಂತ ಅವನಿಗೇ ಇಪ್ಪತ್ತು ಬಸ್ಕಿ. ಎರಡನೇ ಪೀರಿಯಡ್ ನಡೆಯುವಾಗ ಸ್ಟಾಫ್ ರೂಮಿನಿಂದ ಒಂದು ಕೂಗು ಕೇಳಿಸಿತು. ಪಾಠ ಮಾಡುತ್ತಿದ್ದ ಮೇಡಂ ಒಬ್ಬರಿಗೆ ಬಿಟ್ಟು ಎಲ್ಲರಿಗೂ ಕಾರಣ ಗೊತ್ತಿತ್ತು.

ಇಂಥದ್ದನ್ನೆಲ್ಲ ಈಗ ನೆನೆಸಿಕೊಂಡು ನಗೋದು ಸುಲಭ. ನಮ್ಮ ಬ್ಯಾಚಿಗೊಂದು ವಾಟ್ಸಾಪ್ ಗುಂಪಿದೆ, 'ಚಿನ್ನದ ದಿನಗಳು' ಅಂತ. ಬೆಳಿಗ್ಗೆ ಐದೂವರೆಗೇ ಯಾರಾದರೂ ಒಬ್ಬರು, "ಆ ದಿನಗಳು ಮತ್ತೆ ಬರಬಾರದೇ" ಅಂತ ಸೂರ್ಯೋದಯದ ಚಿತ್ರದ ಜೊತೆ ಹಾಕುತ್ತಾರೆ. ಬರೋದು ಬೇಡ ಮಾರಾಯ, ಅಂತ ಬರೆಯಬೇಕು ಅನ್ನಿಸುತ್ತದೆ. ಬರೆದರೆ ಜಗಳ. ಆ ದಿನಗಳಲ್ಲಿ ಚಿನ್ನ ಇರಲಿಲ್ಲ ಅಂತಲ್ಲ. ಎಲ್ಲಾ ಸೇರಿಸಿದರೆ ಒಂದು ಬೆಳ್ಳಿ ಲೋಟದಷ್ಟು ಇತ್ತೇನೋ.

ಬೆತ್ತ ತರುವ ಕೆಲಸ ನಮ್ಮದೇ ಆಗಿತ್ತು. ಶಾಲೆ ಹಿಂದಿನ ಲಕ್ಕಿ ಗಿಡದಿಂದ ಒಳ್ಳೇ ಬರಲು ಮುರಿದು ತಂದರೆ, ಗಟ್ಟಿ ಇದೆಯಾ ಅಂತ ನೋಡೋಕೆ ಮೊದಲ ಏಟು ತಂದವನಿಗೇ. ಟೊಳ್ಳು ತಂದರೆ, ಟೊಳ್ಳು ತಂದಿದ್ದಕ್ಕೆ ಏಟು. ಇದರಲ್ಲಿ ಗೆಲ್ಲುವ ದಾರಿ ಯಾರಿಗೂ ಸಿಗಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ ಒಂದಕ್ಕೆ. ಅಷ್ಟೊತ್ತಿಗೆ ನಮ್ಮ ಅಂಗೈಗಳು ಬ್ಯಾಂಕು, ಗ್ಯಾರೇಜು, ತೋಟ ಅಂತ ಹಂಚಿಹೋಗಿದ್ದವು.

ದೀಪಾವಳಿ ಕಳೆದರೆ ಅಡಿಕೆ ಸುಗ್ಗಿ. ಊರಿಗೆಲ್ಲ ಸಂಭ್ರಮ ಅಂತ ಈಗ ಗುಂಪಿನಲ್ಲಿ ಬರೆಯುತ್ತಾರೆ, ತೋಟ ಇದ್ದವರು. ಇಲ್ಲದವರ ಮನೆಯ ಮಕ್ಕಳು ರಾತ್ರಿ ಹನ್ನೊಂದರವರೆಗೆ ಬೇರೆಯವರ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಅವರ ಬೆರಳೆಲ್ಲ ಚೊಗರು ಹತ್ತಿ ಕಪ್ಪಾಗಿರುತ್ತಿತ್ತು. ಸೋಪಿಗೆ ಹೋಗುವ ಕಪ್ಪಲ್ಲ ಅದು. ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಕೊಳಕು ಕೈಗೆ ಒಂದು, ತೂಕಡಿಕೆಗೆ ಒಂದು ಅಂತ ಏಟು ತಿಂದಳು. ಅವಳಿಗಿಂತ ಚೆನ್ನಾಗಿ ಪದ್ಯ ಓದುವವರು ಕ್ಲಾಸಿನಲ್ಲಿ ಇರಲಿಲ್ಲ. ಸಂಕ್ರಾಂತಿ ಆದಮೇಲೆ ಶಾಲೆಗೆ ಬರಲಿಲ್ಲ. 'ಚಿನ್ನದ ದಿನಗಳು' ಗುಂಪಿನಲ್ಲೂ ಇಲ್ಲ. ಯಾರ ಹತ್ತಿರವೂ ಅವಳ ನಂಬರಿಲ್ಲ.

ಇನ್ನು ಹತ್ತನೇ ಕ್ಲಾಸು. ಆಗ ಒಟ್ಟು 625 ಅಂಕ, ಪಾಸಾಗೋಕೆ ಪ್ರತಿ ನೂರಕ್ಕೆ 35 ಬೇಕಿತ್ತು. ಗಣಿತದಲ್ಲಿ ಸ್ಪರ್ಶಕ, ಅಂದರೆ ವೃತ್ತವನ್ನು ಒಂದೇ ಕಡೆ ತಾಗಿ ಹೋಗುವ ಗೆರೆ, ಎಳೆಯುವ ಪ್ರಶ್ನೆ ಗ್ಯಾರಂಟಿ. ಅದನ್ನು ಬಿಟ್ಟವನು ಮೂರ್ಖ ಅಂತ ಗಣಿತದ ಮೇಷ್ಟ್ರು ವರ್ಷವಿಡೀ ಹೇಳುತ್ತಿದ್ದರು. ಪ್ರಶ್ನೆ ಹೀಗಿರುತ್ತಿತ್ತು: 5 ಸೆಂ.ಮೀ. ಮತ್ತು 3 ಸೆಂ.ಮೀ. ತ್ರಿಜ್ಯದ ಎರಡು ವೃತ್ತ, ಕೇಂದ್ರಗಳ ನಡುವೆ 10 ಸೆಂ.ಮೀ., ವ್ಯತ್ಯಸ್ತ ಸಾಮಾನ್ಯ ಸ್ಪರ್ಶಕ (ಎರಡರ ನಡುವೆ ಅಡ್ಡ ಹಾದು ಎರಡನ್ನೂ ತಾಗುವ ಗೆರೆ) ಎಳೆಯಿರಿ. ದೊಡ್ಡ ವೃತ್ತದ ಕೇಂದ್ರದಲ್ಲಿ ಕೈವಾರ ಊರಿ, ಎರಡೂ ತ್ರಿಜ್ಯ ಕೂಡಿಸಿ, 8 ಸೆಂ.ಮೀ.ನ ಇನ್ನೊಂದು ವೃತ್ತ ಬರೆಯಬೇಕು. ಎಲ್ಲ ಸರಿಯಾದರೆ ಸ್ಪರ್ಶಕ ಕರಾರುವಾಕ್ಕಾಗಿ 6 ಸೆಂ.ಮೀ. ಬರುತ್ತದೆ.

ಎಲ್ಲ ಸರಿಯಾಗೋದು ಹೇಗೆ? ಲೆಕ್ಕ ಹಾಕಿ ನೋಡಿ. ಎಡಕ್ಕೆ 8, ಬಲಕ್ಕೆ 10, ಅದರಾಚೆ ಸಣ್ಣ ವೃತ್ತದ 3. ಒಟ್ಟು 21 ಸೆಂ.ಮೀ. ಹಾಳೆಯ ಅಗಲವೇ ಅಷ್ಟು. ಅದರಲ್ಲಿ ಮಾರ್ಜಿನ್ ಬೇರೆ. ಹಾಗಾಗಿ ದೊಡ್ಡ ವೃತ್ತ ಹಾಳೆಯಿಂದ ಇಳಿದು ಬೆಂಚಿನ ಮೇಲೆ ಒಂದು ಸುತ್ತು ಹೋಗಿ ಮತ್ತೆ ಹಾಳೆಗೆ ಹತ್ತುತ್ತಿತ್ತು. ಹತ್ತನೇ ಕ್ಲಾಸಿನ ಪ್ರತಿ ಬೆಂಚಿನ ಮೇಲೂ ವರ್ಷ ವರ್ಷದ ಅರ್ಧಚಂದ್ರಗಳು. ಇದೆಲ್ಲದರ ಮೇಲೆ ನನ್ನ ಕೈವಾರ ಅಣ್ಣ ಬಳಸಿ ಬಿಟ್ಟದ್ದು. ಸ್ಕ್ರೂ ಸಡಿಲ. ಪೆನ್ಸಿಲ್ ತುಂಡು ಬೀಳದ ಹಾಗೆ ದಾರ ಸುತ್ತಿದ್ದೆ. ತಿರುಗಿಸುತ್ತಾ ಹೋದ ಹಾಗೆ ಕಾಲು ಅಗಲವಾಗುತ್ತಿತ್ತು. ಎಂಟರಲ್ಲಿ ಶುರುವಾದ ವೃತ್ತ ಎಂಟೂವರೆಗೆ ಬಂದು, ಹೊರಟ ಜಾಗವನ್ನು ಹೊರಗಿನಿಂದಲೇ ನೋಡಿ ಮುಂದೆ ಹೋಗುತ್ತಿತ್ತು. ಸ್ಪರ್ಶಕ ಎಷ್ಟು ಬಂದರೂ ಉತ್ತರದಲ್ಲಿ 6 ಅಂತಲೇ ಬರೆಯುವುದು ನಮ್ಮೂರಿನ ಪದ್ಧತಿ. ಮೇಷ್ಟ್ರು ಸ್ಕೇಲು ತೆಗೆದರು. ಅಳೆದರು. ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ನೋಡಿದರು. "ಉದ್ದ ಹಾಳಾಗಿ ಹೋಗಲಿ. ಸ್ಪರ್ಶಕ ಅಂದ ಮೇಲೆ ಒಂದು ಕಡೆಯಾದರೂ ತಾಗಬೇಕಲ್ವೇನೋ? ಇದು ಮನಸ್ತಾಪ ಆದ ನೆಂಟರ ಹಾಗೆ ಅಂಗಳದಲ್ಲೇ ನಿಂತಿದೆ."

ಪರೀಕ್ಷೆಯ ಆ ಮಾರ್ಚ್‌ನಲ್ಲೇ ಇನ್ನೊಂದು ಘಟನೆ. 1996ರ ಮಾರ್ಚ್ 9, ಶನಿವಾರ. ಬೆಂಗಳೂರಿನಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ಅಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟು ಚಾಚಿ ದಾರಿ ತೋರಿಸಿದ್ದು, ಮುಂದಿನ ಎಸೆತಕ್ಕೇ ನಮ್ಮ ವೆಂಕಟೇಶ್ ಪ್ರಸಾದ್ ಅವನನ್ನು ಬೌಲ್ಡ್ ಮಾಡಿದ್ದು ಯಾರಿಗೆ ಗೊತ್ತಿಲ್ಲ? ಗುಂಪಿನಲ್ಲಿ ಪ್ರತಿ ಮಾರ್ಚ್ 9ಕ್ಕೆ ಇದರ ಜಾತ್ರೆ. ಎಲ್ಲರೂ ಕಣ್ಣಾರೆ ಕಂಡವರು. ಒಬ್ಬನಿಗಂತೂ ಪ್ರಸಾದ್ ಹಣೆಯ ಬೆವರು ಕೂಡ ನೆನಪಿದೆ.

ನಿಜ ಹೇಳ್ತೀನಿ. ಆ ಸಂಜೆ ಊರಲ್ಲಿದ್ದ ಒಂದೇ ಕಲರ್ ಟಿ.ವಿ. ಮುಂದೆ ನಾವೆಲ್ಲ ಇದ್ದೆವು, ಕೈಯಲ್ಲಿ ಸಮಾಜದ ಗೈಡ್ ಹಿಡಿದು. ಮನೆಯಲ್ಲಿ ಹೇಳಿ ಬಂದದ್ದು ಗ್ರೂಪ್ ಸ್ಟಡಿ ಅಂತ. ಪಾಕಿಸ್ತಾನದ ಓಪನರ್‌ಗಳು ಬಾರಿಸೋಕೆ ಶುರು ಮಾಡಿದ್ದೇ ತಡ, ಕರೆಂಟು ಹೋಯಿತು. ಮನೆಯ ಯಜಮಾನರು ಟ್ರಾನ್ಸಿಸ್ಟರ್ ತಂದರು. ಅದರ ಸೆಲ್ಲು ಸತ್ತು ವಾರವಾಗಿತ್ತು. ಟಾರ್ಚಿನಿಂದ ಸೆಲ್ಲು ಬಿಚ್ಚಿ ಹಾಕಿದರು. ಈಗ ರೇಡಿಯೋ ಇದೆ, ಬೆಳಕಿಲ್ಲ. ದನಿ ಎಷ್ಟು ಸಣ್ಣಗಿತ್ತು ಅಂದರೆ, ಒಬ್ಬ ಕಿವಿಗಿಟ್ಟುಕೊಂಡು ಕೇಳಿ ಮಿಕ್ಕವರಿಗೆ ಹೇಳಬೇಕು.

"ಔಟು!"

"ಯಾರು?"

"ಗೊತ್ತಾಗ್ಲಿಲ್ಲ. ಎಲ್ಲಾ ಕಿರುಚ್ತಾ ಇದಾರೆ."

"ಯಾರು ಹಾಕಿದ್ದು?"

"ಸುಮ್ನಿರ್ರೋ, ಕೇಳ್ತಾ ಇಲ್ಲ!"

ಆ ಚಾರಿತ್ರಿಕ ಎಸೆತವನ್ನು ನಾವು ನೋಡಿದ್ದು ಹೀಗೆ. ಭಾರತ 39 ರನ್ನಿನಿಂದ ಗೆದ್ದಿತು. ಕಗ್ಗತ್ತಲಲ್ಲಿ ಒಬ್ಬರನ್ನೊಬ್ಬರು ಎತ್ತಿ ಕುಣಿದೆವು. ಯಾರನ್ನು ಎತ್ತಿದೆ ಅಂತ ನೋಡೋಕೆ ಬೆಳಕಿರಲಿಲ್ಲ. ಆ ಮನೆಯ ಯಜಮಾನರನ್ನೂ ಯಾರೋ ಎತ್ತಿದ್ದರು. ಇದು ಮಾತ್ರ ಚಿನ್ನದ ಲೆಕ್ಕಕ್ಕೇ ಹೋಗಬೇಕು, ನನ್ನದೇನೂ ತಕರಾರಿಲ್ಲ. ಆದರೆ ಇದನ್ನು ಗುಂಪಿನಲ್ಲಿ ಬರೆದರೆ, "ನೀನು ಆವತ್ತು ಬಂದಿರಲಿಲ್ಲ ಅನ್ಸುತ್ತೆ" ಅಂತ ಉತ್ತರ ಬರುತ್ತದೆ.

ಈಗ ಗುಂಪಿನವರು ಗುರುವಂದನೆ ಇಟ್ಟುಕೊಂಡಿದ್ದಾರೆ. ಎಲ್ಲಾ ಊರಲ್ಲೂ ಆಗುತ್ತಿದೆ, ನಮ್ಮದೂ ಆಗಬೇಕಲ್ವಾ. ದಿನ ಗೊತ್ತು ಮಾಡೋಕೇ ಒಂದು ತಿಂಗಳು ಹಿಡಿಯಿತು. ಬೆಂಗಳೂರಿನವರಿಗೆ ಜೂನ್ ಬೇಕು, ಮಳೆ ನೋಡಬೇಕಂತೆ. ಊರಲ್ಲೇ ಇರುವವರು, ಮಳೆ ಫೋಟೊ ಕಳಿಸ್ತೀವಿ, ನೀವು ಮೇನಲ್ಲಿ ಬನ್ನಿ ಅಂದರು. ಶಾಲೆಯ ಹಾಲ್‌ನಲ್ಲೇ ಮಾಡೋಣ ಅಂತ ಕಣ್ಣೀರು ಹಾಕಿದವರೇ ಪಾರ್ಕಿಂಗ್ ಇಲ್ಲ ಅಂತ ಕಲ್ಯಾಣ ಮಂಟಪ ಬುಕ್ ಮಾಡಿದರು.

ಗಣಿತದ ಮೇಷ್ಟ್ರನ್ನು ಕರೆಯುವ ಜವಾಬ್ದಾರಿ ನನಗೆ ಬಂತು. ಫೋನ್ ಮಾಡಿದೆ.

"ಯಾವ ಬ್ಯಾಚು?"

"ತೊಂಬತ್ತಾರು ಸಾರ್."

"ಓ, ಬೆಂಚಿನ ಮೇಲೆ ವೃತ್ತ ಬರೆದವರು."

"ಎಲ್ಲಾ ಬ್ಯಾಚಿನವರೂ ಬರೆದಿದ್ರು ಸಾರ್."

"ಮಿಕ್ಕವರದ್ದು ಬಂದು ಕೂಡ್ತಿತ್ತು." ಒಂದು ನಿಮಿಷ ಕೆಮ್ಮಿದರು. "ಬರ್ತೀನಪ್ಪ. ಶಾಲು ಬೇಡ, ಬೀರು ತುಂಬಿದೆ. ಊಟ ಮಾತ್ರ ಒಂದು ಗಂಟೆಗೆ ಆಗ್ಬೇಕು. ನಂಗೆ ಶುಗರು."

ಖಂಡಿತ ಸಾರ್, ಅಂದೆ. ಆಮೇಲೆ ಆಹ್ವಾನ ಪತ್ರಿಕೆ ತೆಗೆದು ನೋಡಿದೆ. ಸ್ವಾಗತ, ಪ್ರಾಸ್ತಾವಿಕ, ಅದಾದ ಮೇಲೆ ಹಳೆ ವಿದ್ಯಾರ್ಥಿಗಳ ಅನಿಸಿಕೆ ಅಂತ ಎರಡು ಕಾಲಂ ಹೆಸರು. ಊಟ ಎರಡೂವರೆಗೆ. ಮೇಷ್ಟ್ರ ಶುಗರ್ ವಿಷಯ ಗುಂಪಿನಲ್ಲಿ ಹಾಕಿ, ಅನಿಸಿಕೆ ಯಾರು ಯಾರು ಬಿಡ್ತೀರಿ ಅಂತ ಕೇಳಿದೆ. ಸಾಲಾಗಿ ಕೈ ಮುಗಿಯೋ ಚಿತ್ರ ಬಂದವು. "ಗುರುಗಳ ಆರೋಗ್ಯವೇ ಮುಖ್ಯ" ಅಂತ ನಾಲ್ಕೈದು ಜನ ಬರೆದರು. ಅನಿಸಿಕೆ ಬಿಡ್ತೀನಿ ಅಂತ ಒಬ್ಬನೂ ಬರೆದಿಲ್ಲ. ಮೇಷ್ಟ್ರಿಗೆ ಹನ್ನೆರಡೂವರೆಗೇ ಹಿಂದಿನ ಬಾಗಿಲಿಂದ ಚಪಾತಿ ಕೊಡಿಸೋಕೆ ಅಡುಗೆಯವರ ಹತ್ತಿರ ಮಾತಾಡಿಟ್ಟಿದ್ದೇನೆ.