ಹೆಣಿಗೆಯನ್ನು ಯಾಕೆ ಬದಿಗಿಡಬೇಕು?
ಮಗು ಶಾಲೆಗೆ ಹೋಗುವವರೆಗೆ ಹೆಣಿಗೆ ಬೇಡ, ಬದಲಿಗೆ ಮಗುವಿನ ಜೊತೆ ಮೊಟ್ಟೆ ಹಾಕದ ಕೇಕ್ ಮಾಡಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಪೂರ್ತಿ ಉಲ್ಟಾ. ಹೆಣಿಗೆಯನ್ನು ಸಾಲಿನ ಮಧ್ಯದಲ್ಲೇ ಬಿಟ್ಟು ಏಳಬಹುದು, ಅದರಲ್ಲೂ ಸರ್ಕ್ಯುಲರ್ ಕಡ್ಡಿಯಾದರೆ (ಬಾಗುವ ತಂತಿಯಿಂದ ಜೋಡಿಸಿದ ಎರಡು ಕಡ್ಡಿಗಳು) ಕುಣಿಕೆಗಳನ್ನೆಲ್ಲ ನಡುವಿನ ತಂತಿಗೆ ತಳ್ಳಿಬಿಟ್ಟರೆ ಸಾಕು, ಸುಲಭಕ್ಕೆ ಜಾರುವುದಿಲ್ಲ. ಮೊಟ್ಟೆ ಹಾಕದ ಕೇಕ್ ಹಾಗಲ್ಲ. ಮೊಸರಿಗೆ ಅಡುಗೆ ಸೋಡಾ ಬಿದ್ದ ತಕ್ಷಣ ಗುಳ್ಳೆ ಏಳುತ್ತದೆ, ತಡ ಮಾಡದೆ ಓವನ್‌ಗೆ ಇಡಬೇಕು, ಸರಿಯಾಗಿ ಅದೇ ಹೊತ್ತಿಗೆ ಮಗುವಿಗೆ ಕಕ್ಕ ಬರುತ್ತದೆ, ಅಲ್ವಾ? ತೊಳೆಸಿ ಬರುವಷ್ಟರಲ್ಲಿ ಗ್ಯಾಸೆಲ್ಲ ಹೋಗಿ ಕೇಕ್ ಇಟ್ಟಿಗೆಯಾಗಿರುತ್ತದೆ.

ಇನ್ನು ಬಟ್ಟಲಿನ ಹಸಿ ಹಿಟ್ಟು ನೆಕ್ಕಲು ಬಿಡಿ, ಮೊಟ್ಟೆ ಇಲ್ಲವಲ್ಲ ಎಂದಿದ್ದೀರಿ. ದಯವಿಟ್ಟು ಆ ಸಾಲು ತೆಗೆಯಿರಿ. ಹಸಿ ಮೈದಾದಲ್ಲೇ ಇ. ಕೋಲೈ, ಸಾಲ್ಮೊನೆಲ್ಲಾದಂಥ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು, ಬೇಯಿಸಿದರೆ ಮಾತ್ರ ಸಾಯುತ್ತವೆ. ಸಣ್ಣ ಮಕ್ಕಳಿಗೆ ಅದರ ತೊಂದರೆ ಜಾಸ್ತಿ.

ಮಗುವಿನ ಕೈಗೆ ಏನಾದರೂ ಕೊಡಲೇಬೇಕಾ? ಉಲ್ಲನ್ ಉಂಡೆ ಕೊಡಿ, ಸುತ್ತುತ್ತಾ ಕೂರಲಿ. ನೂಲು ಕುತ್ತಿಗೆಗೆ ಸುತ್ತಿಕೊಳ್ಳಬಹುದು, ಹಾಗಾಗಿ ಎದುರಿಗೇ ಕೂರಿಸಿಕೊಳ್ಳಿ, ಎದ್ದು ಹೋಗುವಾಗ ಉಂಡೆಯನ್ನೂ ಎತ್ತಿಡಿ.