ಹೃದಯಕ್ಕೆ ಹೊರಗಿನಿಂದ ಬೆಂಬಲ

ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳಿಗೇನೂ ಬರವಿಲ್ಲ. ಆದರೂ ಹೃದಯದ ವಿಷಯದಲ್ಲಿ ಕೊನೆಯ ಮಾತು ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಬೆಂಚಿನಲ್ಲಿ ಕೂತ ಹಿರಿಯರದ್ದು. "ಇಂಗ್ಲಿಷ್ ಮದ್ದು ಬೇಡ ಮಾರಾಯ್ರೆ, ಲಿವರ್ ಹಾಳಾಗ್ತದೆ. ಇದು ನ್ಯಾಚುರಲ್" ಎಂದು ಜೇಬಿನಿಂದ ಸಪ್ಲಿಮೆಂಟ್ ಕ್ಯಾಪ್ಸೂಲಿನ ಡಬ್ಬಿ ತೆಗೆಯುತ್ತಾರೆ.

ಡಬ್ಬಿಯ ಎದುರು ಕೆಂಪು ಹೃದಯ, ಸುತ್ತ ಹಸಿರು ಎಲೆ. ಹಿಂದೆ ಸಣ್ಣ ಅಕ್ಷರದಲ್ಲಿ 'ಔಷಧಿಯಾಗಿ ಬಳಸಲು ಅಲ್ಲ'. ಅದನ್ನು ಓದುವ ಕನ್ನಡಕ ಮನೆಯಲ್ಲಿರುತ್ತದೆ. ಹೃದ್ರೋಗ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವಂತಿಲ್ಲ ಅಂತ 1954ರಷ್ಟು ಹಿಂದೆಯೇ ಕಾನೂನು ಬಂದಿದೆ. ಹಾಗಾಗಿ ಕಂಪನಿ 'ಹೃದಯದ ಆರೋಗ್ಯಕ್ಕೆ ಬೆಂಬಲ' ಎಂದಷ್ಟೇ ಬರೆಯುತ್ತದೆ. ಅದೂ ಹೊರಗಿನಿಂದ. ಸರ್ಕಾರ ಬಿದ್ದರೆ ಅವರು ಜವಾಬ್ದಾರರಲ್ಲ. 'ಬ್ಲಾಕ್ ಕರಗುತ್ತದೆ' ಎಂಬುದನ್ನು ನಾವೇ ವಾಟ್ಸಾಪಿನಲ್ಲಿ ಪುಕ್ಕಟೆ ಸೇರಿಸಿ ಹಂಚುತ್ತೇವೆ.

ಬೆಳ್ಳುಳ್ಳಿ, ಶುಂಠಿ, ಲಿಂಬೆ, ವಿನೆಗರ್ ಕುದಿಸಿ ಕುಡಿದರೆ, ಹುಣಸೆಹುಳಿ ಹಾಕಿ ತಾಮ್ರದ ಕೊಡಪಾನ ಉಜ್ಜಿದ ಹಾಗೆ ರಕ್ತನಾಳ ಫಳಫಳ ಆಗುತ್ತದಂತೆ. ಕೊಬ್ಬು ಸೇರಿಕೊಂಡಿರುವುದು ನಾಳದ ಗೋಡೆಯೊಳಗೆ. ಕಷಾಯ ಹೋಗುವುದು ಹೊಟ್ಟೆಗೆ. ಉಜ್ಜುವವರು ಯಾರು? ಅಶ್ವತ್ಥದ ಎಲೆ ಹೃದಯದ ಆಕಾರದಲ್ಲಿದೆ, ಆದ್ದರಿಂದ ಹೃದಯಕ್ಕೆ ಒಳ್ಳೆಯದು ಎಂಬ ವಾದವೂ ಇದೆ. ಗೋಡಂಬಿ ಥೇಟ್ ಕಿಡ್ನಿಯ ಆಕಾರ. ಆ ಲೆಕ್ಕಕ್ಕೆ ಗೋಡಂಬಿಗೆ ಹೆಸರಾದ ನಮ್ಮ ಊರಲ್ಲಿ ಡಯಾಲಿಸಿಸ್ ಯಂತ್ರವೇ ಇರಬಾರದಿತ್ತು.

2022ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಮೀನೆಣ್ಣೆ, ಬೆಳ್ಳುಳ್ಳಿ, ದಾಲ್ಚಿನ್ನಿ, ಅರಸಿನ, ಸಸ್ಯದ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ (ಯೀಸ್ಟ್ ಬೆಳೆಸಿ ಕೆಂಪಾಗಿಸಿದ ಅಕ್ಕಿ), ಈ ಆರನ್ನೂ ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಮದ್ದುಗಳಲ್ಲೊಂದಾದ ರೋಸುವಾಸ್ಟಾಟಿನ್‌ನ 5 ಮಿಲಿಗ್ರಾಂ ಮಾತ್ರೆಯ ಎದುರು ನಿಲ್ಲಿಸಿದರು. 28 ದಿನದಲ್ಲಿ ಮಾತ್ರೆ ಕೆಟ್ಟ ಕೊಲೆಸ್ಟ್ರಾಲನ್ನು ಶೇ. 38ರಷ್ಟು ಇಳಿಸಿತು. ಉಳಿದ ಆರರಲ್ಲಿ ಒಂದೂ, ಹೋಲಿಕೆಗೆಂದು ಕೊಟ್ಟ ಮದ್ದಿಲ್ಲದ ಹುಸಿ ಮಾತ್ರೆಯನ್ನು ಮೀರಿಸಲಿಲ್ಲ. ಬೆಳ್ಳುಳ್ಳಿಯವರಿಗಂತೂ ಏರಿತು! ಮಾತ್ರೆ ಕಂಪನಿಯದೇ ದುಡ್ಡು ಅಲ್ವಾ ಅಂತೀರಾ? ಹೌದು, ಅವರದೇ. ಕೇಳಲೇಬೇಕಾದ ಪ್ರಶ್ನೆ. ಒಮ್ಮೆ ಡಬ್ಬಿಯವರನ್ನೂ ಕೇಳಿ ನೋಡಿ, ದುಡ್ಡಿನ ಮಾತು ಆಮೇಲೆ, ಮೊದಲು ಪರೀಕ್ಷೆ ಎಲ್ಲಿ ಅಂತ.

ಕೆಂಪು ಯೀಸ್ಟ್ ಅಕ್ಕಿಯದು ಬೇರೆಯೇ ತಮಾಷೆ. ಅದರಲ್ಲಿರುವ ಮೊನಾಕೊಲಿನ್ ಕೆ ಮತ್ತು ಲೊವಾಸ್ಟಾಟಿನ್ ಎಂಬ ಮದ್ದು ಎರಡೂ ಒಂದೇ ವಸ್ತು. ಸ್ಟಾಟಿನ್ ಬೇಡ ಎಂದು ಡಾಕ್ಟರ ಕೋಣೆಯಿಂದ ಎದ್ದು ಬಂದವರು ಹಿಂಬಾಗಿಲಲ್ಲಿ ಅದನ್ನೇ ನುಂಗುತ್ತಾರೆ. ಎಷ್ಟು ಮಿಲಿಗ್ರಾಂ ಅಂತ ಮಾತ್ರ ದೇವರಿಗೇ ಗೊತ್ತು.

ಇನ್ನು ಒಮೇಗಾ-3 ಎಂಬ ಮೀನಿನ ಕೊಬ್ಬು. ಬೂತಾಯಿ, ಬಂಗುಡೆಯಲ್ಲಿ ಅದು ಧಾರಾಳ. ಬಂದರಿನಲ್ಲಿ ಮೀನಿನವರ ಹತ್ತಿರ ಹತ್ತು ರೂಪಾಯಿಗೆ ಅರ್ಧ ಗಂಟೆ ಚರ್ಚೆ ಮಾಡಿ, ಬುಟ್ಟಿಗೆ ಇನ್ನೆರಡು ಹಾಕಿಸಿಕೊಳ್ಳುತ್ತೇವೆ. ಆಮೇಲೆ ಮೆಡಿಕಲ್ ಶಾಪಿಗೆ ಹೋಗಿ ಮೀನೆಣ್ಣೆಯ ಕ್ಯಾಪ್ಸೂಲ್ ಕೇಳುತ್ತೇವೆ. ಜಗತ್ತಿನ ಮೀನೆಣ್ಣೆಯಲ್ಲಿ ದೊಡ್ಡ ಪಾಲು ಪೆರು ದೇಶದ ಕಡಲಿನ ಆಂಚೊವಿ ಎಂಬ ಸಣ್ಣ ಮೀನಿನದ್ದು, ಅಂದರೆ ನಮ್ಮ ಕೊಲ್ಲತರುವಿನ ದೂರದ ನೆಂಟನದ್ದು. ಡಬ್ಬಿಗೆ ಎಷ್ಟು ಹೇಳಿದರೂ ಎಣಿಸಿ ಕೊಡುತ್ತೇವೆ. ಮಂಗಳೂರಿನವರು ಚೌಕಾಸಿ ಮಾಡದೆ ಕೊಳ್ಳುವ ಮೀನು ಅದೊಂದೇ.