ಖಾಲಿ ಜಾಗ ಅಂದರೆ ಯಾವುದು?

ನಾವು ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗವನ್ನು ಕಾಡು, ಹುಲ್ಲು, ಮಣ್ಣು ಹೀರಿಕೊಳ್ಳುತ್ತವೆ ಎಂದು ಗಿಡ ನೆಡುವ ಬಗೆಗಿನ ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಸರಿ. ಆದರೆ ಅಲ್ಲಿಂದ ನೇರವಾಗಿ ‘ಖಾಲಿ ಜಾಗದಲ್ಲೆಲ್ಲ ಗಿಡ ನೆಡೋಣ’ ಎಂಬಲ್ಲಿಗೆ ಹಾರಿದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಮಣ್ಣಿನ ಲೆಕ್ಕ ಎಲ್ಲಿ ಹೋಯ್ತು? ಗಾಳಿಯಲ್ಲಿರುವ ಇಂಗಾಲಕ್ಕೆ ಗಿಡಮರಗಳಲ್ಲಿರುವುದನ್ನು ಕೂಡಿಸಿದರೂ ಮಣ್ಣಿನಲ್ಲಿರುವುದೇ ಜಾಸ್ತಿ. ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ದರಗು ಸರಿಸಿ ನೋಡಿ. ಮೇಲೆ ಒಣ ಎಲೆ, ಕೆಳಗೆ ಅರ್ಧ ಕೊಳೆತದ್ದು, ನಡುವೆ ಬಿಳಿ ಬೂಷ್ಟಿನ ಎಳೆ, ಅದರಡಿ ಕಪ್ಪು ಮಣ್ಣು. ಅಲ್ಲಿನ ಸೂಕ್ಷ್ಮಜೀವಿಗಳು ಎಲೆ ತಿಂದು ಉಸಿರು ಬಿಡುತ್ತವೆ, ಇಂಗಾಲ ಮತ್ತೆ ಗಾಳಿಗೆ. ತೇವ ಇದ್ದು ಬಿಸಿ ಏರಿದರೆ ಈ ಕೆಲಸ ಇನ್ನೂ ಜೋರು. ಗಾಳಿಯಲ್ಲಿ ಇಂಗಾಲ ಹೆಚ್ಚಾದರೆ ಗಿಡ ಚೆನ್ನಾಗಿ ಬೆಳೆಯುತ್ತದೆ ಅನ್ನೋದೂ ನಿಜ. ಆದರೆ ನೀರು, ಸಾರಜನಕ, ರಂಜಕ ಸಿಗುವ ತನಕ ಮಾತ್ರ.

ಅಮೆಜಾನ್ ಕಾಡನ್ನೇ ತಗೊಳ್ಳಿ. 2021ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ವಿಮಾನದಲ್ಲಿ ಹೋಗಿ ಗಾಳಿ ಹಿಡಿದು ಅಳೆದಿದ್ದರು. ಆಗ್ನೇಯ ಭಾಗದ ಕಾಡು ಹೀರುವುದಕ್ಕಿಂತ ಹೆಚ್ಚು ಇಂಗಾಲ ಬಿಡುತ್ತಿತ್ತು. ಕಡಿದದ್ದು, ಬೆಂಕಿ, ಸೆಕೆ, ಬರ ಎಲ್ಲ ಸೇರಿ.

ಇನ್ನು ‘ಖಾಲಿ ಜಾಗ’. ಕುದುರೆಮುಖದ ಹುಲ್ಲುಗಾವಲು ಖಾಲಿ ಅಲ್ಲ ಸ್ವಾಮಿ! ಹುಲ್ಲುಗಾವಲಿನ ಇಂಗಾಲ ಬಹುಪಾಲು ಬೇರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಮೇಲೆ ಬೆಂಕಿ ಬಿದ್ದರೂ ಅದು ಹೆಚ್ಚಿನಂಶ ಉಳಿಯುತ್ತದೆ. ಅಂಥ ಕಡೆ ಅಕೇಶಿಯಾ ನೆಡುವುದು ಸುಮ್ನೆ ಫೋಟೋಗೆ ಅಷ್ಟೇ, ಅಲ್ವಾ? ಮುಂದಿನ ಸಲ ಹುಲ್ಲಿನ ಬಗ್ಗೆಯೂ ಬರೆಯಿರಿ.